ದ್ರಾಕ್ಷಿ ಚಪ್ಪರಕ್ಕೆ ಕಂಬವಾದ ನಮ್ಮ ಗಾಡಿ

ಗಾಡಿ ಹೋಗಿ ಕಂಬಕ್ಕೆ ಗುದ್ದಿದ್ದನ್ನು ನೀವು ನೋಡಿರುತ್ತೀರಿ. ಗುದ್ದಿದ ಗಾಡಿಯೇ ಕಂಬವಾಗಿ ನಿಂತಿದ್ದನ್ನು ನೋಡಿದ್ದೀರಾ?

ನಾನು ನೋಡಿದ್ದೇನೆ. ನೋಡುವುದೇನು ಬಂತು, ಅದರೊಳಗೆ ಸಂಸಾರ ಮಾಡಿದ್ದೇನೆ. ಅನ್ನ ಬೇಯಿಸಿದ್ದೇನೆ, ಸೀರೆ ಒಣಹಾಕಿದ್ದೇನೆ, ಕಿಟಕಿಯಿಂದ ಕೈ ಚಾಚಿ ದ್ರಾಕ್ಷಿ ಕಿತ್ತು ತಿಂದಿದ್ದೇನೆ. ಹೋದ ತಿಂಗಳು ಒಂದು ವಾರ ಈ ಕಾಲಂ ಬರಲಿಲ್ಲ ಯಾಕೆ ಎಂದು ಕೆಲವರು ಕಾರ್ಡು ಬರೆದು ವಿಚಾರಿಸಿದ್ದೀರಿ. ಕಾರಣ ಇದೇ. ಆ ವಾರ ನಾನು ಜವನಗೊಂಡನಹಳ್ಳಿ ಪಕ್ಕದ ಒಂದು ತೋಟದಲ್ಲಿ, ಮೂಲೆಕಂಬದ ಒಳಗೆ ವಾಸವಾಗಿದ್ದೆ.

ಮೊದಲಿನಿಂದ ಹೇಳುತ್ತೇನೆ.

ನಲವತ್ತು ದಾಟಿದ ಮೇಲೆ ನನಗೆ ಮದುವೆಯಾದ ಸುದ್ದಿ ನಿಮಗೆ ಗೊತ್ತೇ ಇದೆ. (ಇಲ್ಲಿಯೇ ಬರೆದಿದ್ದೆ. "ಇಷ್ಟು ದಿನ ಹಾಯಾಗಿದ್ರಲ್ಲ, ಏನು ಕಮ್ಮಿಯಾಗಿತ್ತು?" ಎಂದು ಹೊಸದುರ್ಗದ ಓದುಗರೊಬ್ಬರು ಕೇಳಿದ್ದರು. ಅವರಿಗೆ ಮದುವೆಯಾಗಿ ತುಂಬ ವರ್ಷವಾಗಿರಬೇಕು.) ನನ್ನ ಕೆಲಸ ಹೊಳಲ್ಕೆರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಟ್ರಂಕ್ ಕಾಲ್ ಕಾಲದಲ್ಲಿ "ಹಲೋ, ಲೈನಲ್ಲಿದಾರೆ, ಮಾತಾಡಿ" ಎನ್ನುತ್ತ ಅದೆಷ್ಟು ಜನರ ಮಾತಿಗೆ ಮಾತು ಜೋಡಿಸಿದ್ದೇನೋ ಲೆಕ್ಕವಿಲ್ಲ. ಈಗ ಬೀದಿಗೊಂದು ಎಸ್‌ಟಿಡಿ ಬೂತು ಬಂದಿದೆ, ನನ್ನ ಪಾಲಿಗೆ ಉಳಿದಿರುವುದು ದೂರು ಕೇಳುವ ಕೆಲಸ. "ಮೇಡಂ, ನಮ್ ಫೋನು ಸತ್ತೋಗೈತೆ" ಎಂದು ಬೆಳಗ್ಗೆಯಿಂದ ಸಂಜೆಯವರೆಗೆ ಕೇಳಿ ಸಮಾಧಾನ ಹೇಳುವುದು.

ಯಜಮಾನರು ತಿಪ್ಪೇಸ್ವಾಮಿ. ಚಿತ್ರದುರ್ಗದಲ್ಲಿ ಅಣ್ಣನ ಜೊತೆ ಸೇರಿ ಮೈಕ್ ಸೆಟ್ಟು ಇಟ್ಟುಕೊಂಡವರು. ಮದುವೆ, ನಾಟಕ, ಎಲೆಕ್ಷನ್ನು, ಯಾವುದಿದ್ದರೂ ದುರ್ಗದ ಬೀದಿಯಲ್ಲಿ ಅರಚುವ ಹಾರ್ನುಗಳಲ್ಲಿ ಅರ್ಧ ಇವರವೇ. ಅಂದರೆ ಗಂಡ ಹೆಂಡತಿ ಇಬ್ಬರದೂ ಮಾತಿನ ವ್ಯಾಪಾರ. ಹಾಗಾದರೆ ಇಬ್ಬರ ನಡುವೆ ಎಷ್ಟು ಮಾತು ಇರಬೇಕು?

ಇರಲಿಲ್ಲ ಕಣ್ರಿ. ಇರಲೇ ಇಲ್ಲ.

ನಮ್ಮದು ಶನಿವಾರದ ಸಂಸಾರ. ಶನಿವಾರ ಮಧ್ಯಾಹ್ನ ಆಫೀಸು ಮುಗಿಸಿ ನಾನು ದುರ್ಗದ ಬಸ್ಸು ಹತ್ತುತ್ತಿದ್ದೆ. ಭಾನುವಾರ ಸಂಜೆ ವಾಪಸು. ಅಣ್ಣನ ಮನೆ ಎಂದರೆ ತುಂಬಿದ ಮನೆ, ಒಬ್ಬರು ನೀರು ಕೇಳಬೇಕಾದರೂ ಕೂಗಿಯೇ ಕೇಳಬೇಕು. ನಾನು ಕೂಗುವವಳಲ್ಲ. ಹೆಣ್ಣುಮಗಳ ದನಿ ಹೊಸಲು ದಾಟಬಾರದು ಎಂದು ಅಮ್ಮ ಹೇಳಿ ಬೆಳೆಸಿದ್ದಾಳೆ. ಫೋನಿನಲ್ಲಿ ಆದರೆ ಆ ಕಡೆಯವರ ಮುಖ ಕಾಣುವುದಿಲ್ಲ, ಎಷ್ಟು ಗಟ್ಟಿಯಾಗಿ ಬೇಕಾದರೂ ಮಾತಾಡಬಹುದು. ಗಂಡನ ಜೊತೆ ಮಾತ್ರ ಪಿಸುಮಾತು. ಮದುವೆ ದಿನ ಪುರೋಹಿತರು ಎಡಗಡೆ ಕೂರಿಸಿದರಲ್ಲ, ಆಮೇಲೂ ಅಲ್ಲಿಯೇ ಇದ್ದೆ. ಪೂಜೆಯಲ್ಲಿ ಎಡಗಡೆ, ಫೋಟೋದಲ್ಲಿ ಎಡಗಡೆ, ಬಸ್ ಸ್ಟ್ಯಾಂಡಿಗೆ ಜೊತೆಯಲ್ಲಿ ನಡೆಯುವಾಗಲೂ ಎಡಗಡೆ. ಹೆಂಡತಿ ಎಂದ ಮೇಲೆ ಅದೇ ಜಾಗ ಅಲ್ಲವೇ?

ನಾನು ಏನಾದರೂ ಹೇಳುತ್ತಿದ್ದೆ. ಅವರು ನೆಟ್ಟಗೆ ಮುಂದೆ ನೋಡುತ್ತ ನಡೆಯುತ್ತಿದ್ದರು. ಕೆಟ್ಟವರಲ್ಲ. ಬಸ್ಸಿಗೆ ಕಿಟಕಿ ಪಕ್ಕದ ಸೀಟು ಹಿಡಿದುಕೊಡುವರು, ಕಡ್ಲೆಕಾಯಿ ಪೊಟ್ಟಣ ಕೈಗಿಡುವರು. ಆದರೆ ಮಾತಿಗೆ ಉತ್ತರ ಮಾತ್ರ ಇಲ್ಲ.

ಅಷ್ಟರಲ್ಲಿ ನಮ್ಮ ಸಾಹೇಬರು ಒಂದು ದಿನ ಕರೆದು ಹೇಳಿದರು: "ದುರ್ಗದಲ್ಲಿ ಒಂದು ಜಾಗ ಖಾಲಿ ಇದೆಯಮ್ಮ. ಟ್ರಾನ್ಸ್‌ಫರ್ ಬೇಕಿದ್ದರೆ ಕೊಡಿಸುತ್ತೇನೆ. ಬೇಗ ಹೇಳು." ಆ ಭಾನುವಾರ ಬಸ್ ಸ್ಟ್ಯಾಂಡಿನಲ್ಲಿ ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ರೀ, ನಾನು ದುರ್ಗಕ್ಕೇ ಬಂದುಬಿಡಲಾ?"

ಅವರು ರಸ್ತೆ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಹೇಳಿದರು: "ಬಸ್ಸು ಬಂತು."

ಹೊಳಲ್ಕೆರೆ ಬರುವವರೆಗೆ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದೆ. ಅಳು ಬಂದಿತ್ತು ಎಂದು ಹೇಳಲು ನನಗೆ ನಾಚಿಕೆಯಿಲ್ಲ. ನಾಚಿಕೆಯಾಗಿದ್ದು ಬೇರೆಯದಕ್ಕೆ. ಈ ವಯಸ್ಸಿನಲ್ಲಿ ಒಬ್ಬರು ಬಾ ಎಂದು ಕರೆಯಲಿ ಎಂದು ಇಷ್ಟು ಆಸೆಪಡುತ್ತಿದ್ದೇನಲ್ಲ ಎಂದು.

ಮುಂದಿನ ಶನಿವಾರ ಹೋದಾಗ ಅವರು ಒಂದು ಹಳೆಯ ಇಂಗ್ಲಿಷ್ ಮ್ಯಾಗಜೀನಿನ ಹಾಳೆ ತಂದು ನನ್ನ ಮುಂದೆ ಹಿಡಿದರು. ಯಾವುದೋ ದೇಶದ ಗಂಡ ಹೆಂಡತಿ, ಇಬ್ಬರಿಗೂ ತಲೆ ನರೆತಿದೆ. ಹಿಂದೆ ಬಿಳಿ ಬಣ್ಣದ ಮನೆಯಂಥ ಗಾಡಿ. ಸುತ್ತ ಕಣ್ಣು ಹಾಯುವವರೆಗೆ ದ್ರಾಕ್ಷಿ ತೋಟ. ಕೈಯಲ್ಲಿ ಒಂದೊಂದು ಗ್ಲಾಸು ವೈನು.

"ನಮ್ ಗಾಡೀಲಿ ಒಂದ್ಸಲ ಹಿಂಗೆ ಹೋಗಾಣೇನು?" ಎಂದರು.

ಮದುವೆಯಾದ ಮೇಲೆ ಅವರು ನನಗೆ ಹೇಳಿದ ಅತಿ ಉದ್ದದ ವಾಕ್ಯ ಅದು. ನಾನು ತಲೆಯಾಡಿಸಿದೆ. ಸಾಹೇಬರ ಹತ್ತಿರ ಒಂದು ವಾರ ರಜೆ ಕೇಳಿದೆ. "ರಜೆ ಮುಗಿಸಿ ಸೋಮವಾರ ಬಂದ ತಕ್ಷಣ ಟ್ರಾನ್ಸ್‌ಫರ್ ವಿಷಯ ಹೇಳಬೇಕು" ಎಂದರು. ಆಗಲಿ ಎಂದೆ. ಒಂದು ವಾರ ಇಬ್ಬರೇ ಗಾಡಿಯೊಳಗೆ ಇದ್ದರೆ ಆ ಮನುಷ್ಯ ಒಂದು ಸಲವಾದರೂ ಬಾ ಎನ್ನದೆ ಇರುತ್ತಾರೆಯೇ? ಅನ್ನದಿದ್ದರೆ ಹೊಳಲ್ಕೆರೆಯ ಕ್ವಾರ್ಟರ್ಸೇ ನನಗೆ ಗಟ್ಟಿ ಎಂದು ತೀರ್ಮಾನಿಸಿಕೊಂಡೆ.

ಅಂದಹಾಗೆ ನಮ್ಮ ಸೀಮೆಯಲ್ಲಿ ವೈನ್ ಸಿಗುವ ನಾಡು ಎಂದರೆ ಬಸ್ ಸ್ಟ್ಯಾಂಡ್ ಎದುರಿನ ಅಂಗಡಿ ಸಾಲು. ಅಲ್ಲಿ 'ವೈನ್ಸ್' ಎಂದು ದೊಡ್ಡದಾಗಿ ಬೋರ್ಡು ಹಾಕಿರುತ್ತಾರೆ, ಒಳಗೆ ವೈನೊಂದನ್ನು ಬಿಟ್ಟು ಉಳಿದೆಲ್ಲ ಸಿಗುತ್ತದೆ. ಆದರೆ ಹಿರಿಯೂರಿನ ಕಡೆ ದ್ರಾಕ್ಷಿ ತೋಟಗಳಿರುವುದು ನಿಜ. ದುರ್ಗದಿಂದ ಹಿರಿಯೂರು, ಅಲ್ಲಿಂದ ಹೊಸದುರ್ಗ, ಹೊಳಲ್ಕೆರೆ, ಮತ್ತೆ ದುರ್ಗ ಎಂದು ಪ್ಲಾನು ಹಾಕಿದರು.

ಗಾಡಿ ಎಂದರೆ ಮೈಕ್ ಸೆಟ್ಟು ಸಾಗಿಸುವ ಹಳೆಯ ಮೆಟಡಾರ್. ಒಳಗಿನ ಆಂಪ್ಲಿಫೈಯರು, ವೈರಿನ ಸುರುಳಿ ಎಲ್ಲ ಇಳಿಸಿ ಹಲಗೆ ಹೊಡೆಸಿ ಹಾಸಿಗೆ ಹಾಕಿದರು. ನನ್ನ ಹಳೇ ಸೀರೆಗಳು ಕಿಟಕಿಗೆ ಪರದೆಯಾದವು. ಮೇಲಿದ್ದ ಎರಡು ಹಾರ್ನು ಬಿಚ್ಚಲು ತುಕ್ಕು ಹಿಡಿದ ಬೋಲ್ಟು ಬಿಡಲಿಲ್ಲ, ಇರಲಿ ಎಂದು ಬಿಟ್ಟರು. ಓರಗಿತ್ತಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಉಪ್ಪಿನಕಾಯಿ ಜಾಡಿ, ಮೊಸರಿನ ಗಡಿಗೆ, ಕೊನೆಗೆ ರುಬ್ಬುವ ಗುಂಡು ಸಹಿತ ತಂದಿಟ್ಟಳು. ಒರಳಿಲ್ಲದೆ ಬರೀ ಗುಂಡು ಯಾಕೆ ಎಂದು ಕೇಳಿದ್ದಕ್ಕೆ, "ಇರ್ಲಿ ಇಟ್ಕಳೇ, ಯಾವುದಕ್ಕಾದ್ರೂ ಆಗ್ತದೆ" ಎಂದಳು. (ಆಯಿತು. ಮುಂದೆ ಹೇಳುತ್ತೇನೆ.)

ಮೊದಲ ಬೀಡು ಚಂದ್ರವಳ್ಳಿ. ದೂರ ಹೋಗುವ ಮೊದಲು ಊರ ಪಕ್ಕದಲ್ಲೇ ಒಂದು ದಿನ ಪ್ರಾಕ್ಟೀಸು. ಬಂಡೆಯ ಪಕ್ಕ ಇಳಿಜಾರಿನಲ್ಲಿ ನಿಲ್ಲಿಸಿದರು. ಸೀಮೆಎಣ್ಣೆ ಸ್ಟೌವಿನ ಮೇಲಿಟ್ಟ ಅನ್ನ ಒಂದು ಕಡೆ ಮುದ್ದೆ, ಇನ್ನೊಂದು ಕಡೆ ಅಕ್ಕಿ. ಮಲಗಿದರೆ ಇಬ್ಬರೂ ಜಾರಿ ಜಾರಿ ಬಾಗಿಲ ಹತ್ತಿರ. ಬೆಳಗ್ಗೆ ವಾಕಿಂಗಿಗೆ ಬಂದ ಹಿರಿಯರೊಬ್ಬರು ಹಾರ್ನು ನೋಡಿ ನಿಂತರು.

"ಯಾವ ಪಾರ್ಟಿದು?" ಎಂದರು.

"ಯಾವುದೂ ಅಲ್ಲ, ನಾವು ಟೂರು ಬಂದಿದೀವಿ" ಎಂದೆ.

"ಅಂಗಾರೆ ಪಾಂಪ್ಲೆಟ್ಟು ಇಲ್ವೇನಮ್ಮ?" ಎಂದು ಬೇಜಾರು ಮಾಡಿಕೊಂಡು ಹೋದರು.

ಟೀ ಕುಡಿಯುವಾಗ ಇಬ್ಬರೂ ಒಂದು ಬಂಡೆ ಮೇಲೆ ಕೂತೆವು. ನಾನು ಎಡಗಡೆ. ಎದುರಿಗೆ ಕೆರೆಯ ಮೇಲೆ ಬಿಸಿಲು ಬೀಳುತ್ತಿತ್ತು. "ಎಷ್ಟು ಚೆನ್ನಾಗಿದೆ ಅಲ್ವಾ? ನಾನು ದುರ್ಗದಲ್ಲೇ ಇದ್ದರೆ ಇಲ್ಲಿಗೆ ಆಗಾಗ ಬರಬಹುದು" ಎಂದೆ. ಅವರು ಟೀ ಮುಗಿಸಿ, ಲೋಟ ತೊಳೆಯಲು ಎದ್ದುಹೋದರು. ಎರಡನೇ ಸಲ. ಇನ್ನು ಕೇಳಬಾರದು ಎಂದುಕೊಂಡೆ.

ಮಾರನೇ ದಿನ ಹಿರಿಯೂರು ದಾಟಿ ಜವನಗೊಂಡನಹಳ್ಳಿಯ ಕಡೆ ಹೊರಟಾಗ ರಸ್ತೆ ಬದಿಯಲ್ಲೇ ಒಂದು ದ್ರಾಕ್ಷಿ ತೋಟ ಸಿಕ್ಕಿತು. ಗೊಂಚಲುಗಳು ಕಪ್ಪಗೆ, ನೀಲಿಯಾಗಿ, ಒತ್ತೊತ್ತಾಗಿ ನೇತಾಡುತ್ತಿದ್ದವು. ತೋಟದ ಮಾಲೀಕರು ಈರಣ್ಣ. ಅವರೂ ಅವರ ಹೆಂಡತಿ ರಂಗಮ್ಮನೂ ಕೆಲವು ಆಳುಗಳೊಂದಿಗೆ ಚಪ್ಪರದ ಕೆಳಗಿದ್ದರು. ಒಂದು ದಿನ ಗಾಡಿ ನಿಲ್ಲಿಸಿಕೊಳ್ಳಬಹುದೇ ಎಂದು ಕೇಳಿದೆವು.

"ಅದಕ್ಕೇನ್ರಿ, ನಿಲ್ಸ್ಕಳ್ರಿ. ನೆಳ್ಳಾಗೆ ಹಾಕ್ಕಳ್ರಿ" ಎಂದರು ಈರಣ್ಣ.

ನೆರಳಿನ ಕಡೆಗೆ ರಿವರ್ಸ್ ತೆಗೆಯಬೇಕಿತ್ತು. ನಾನು ಇಳಿದು ಹಿಂದೆ ನಿಂತೆ. ಎಲ್ಲಿ? ಎಡಗಡೆ. ಅವರು ಬಲಗಡೆಯ ಕಿಟಕಿಯಿಂದ ತಲೆ ಹೊರಗೆ ಹಾಕಿ ಗಾಡಿ ಹಿಂದಕ್ಕೆ ಬಿಟ್ಟರು. ರಿವರ್ಸ್ ಗೇರು ಹಾಕಿದರೆ ಮ್ಯೂಸಿಕ್ಕು ಬರುತ್ತದಲ್ಲ, ಮೈಕ್ ಸೆಟ್ಟಿನವರ ಗಾಡಿಯಲ್ಲಿ ಅದು ಎಷ್ಟು ಜೋರಾಗಿರಬೇಕು ನೀವೇ ಯೋಚಿಸಿ. "ಸಾಕು" ಎಂದೆ. ಗಾಡಿ ಬಂತು. "ರೀ, ಸಾಕು, ಕಂಬ ಇದೆ" ಎಂದೆ. ಇನ್ನೂ ಬಂತು. ಗಂಡನನ್ನು ಹತ್ತು ಜನರ ಮುಂದೆ ಕೂಗಿ ನಿಲ್ಲಿಸುವುದು ಹೇಗೆ ಎಂದು ನಾನು ಯೋಚಿಸುತ್ತಿರುವಾಗಲೇ ಗಾಡಿ ಮೂಲೆಕಂಬಕ್ಕೆ ಹೋಗಿ ಕೂತಿತು. ಕಲ್ಲುಕಂಬ ನಡುವಿಗೇ ಲಟಕ್ಕೆಂದು ಮುರಿಯಿತು.

ದ್ರಾಕ್ಷಿ ಚಪ್ಪರ ಹೇಗಿರುತ್ತದೆ ಎಂದು ಕಾಣದವರಿಗೆ ಹೇಳಬೇಕು. ಸುತ್ತ ಕಲ್ಲುಕಂಬ. ಮೇಲೆ ಮಂಚಕ್ಕೆ ನವಾರು ಹೆಣೆದ ಹಾಗೆ ಅಡ್ಡಕ್ಕೂ ಉದ್ದಕ್ಕೂ ತಂತಿ. ಬಳ್ಳಿ ಹಣ್ಣು ಎಲ್ಲದರ ಭಾರವೂ ಆ ತಂತಿಯ ಮೇಲೆ. ತಂತಿಯನ್ನು ನಾಲ್ಕು ಮೂಲೆಯ ಕಂಬಗಳು ಎಳೆದು ಹಿಡಿದಿರುತ್ತವೆ. ಒಂದು ಮೂಲೆ ಹೋದರೆ ಆ ಕಡೆಯ ಚಪ್ಪರವೆಲ್ಲ ಸಡಿಲ. ನಮ್ಮ ಕಣ್ಣೆದುರೇ ತಂತಿಗಳು ಜೋತವು. ಗೊಂಚಲುಗಳು ನೆಲದ ಕಡೆಗೆ ನಿಧಾನವಾಗಿ ಇಳಿಯತೊಡಗಿದವು. ಕೊಯ್ಲಿಗೆ ಇನ್ನು ಕೆಲವೇ ದಿನ ಇದ್ದ ಹಣ್ಣು.

ಈರಣ್ಣ ಬೈಯಲಿಲ್ಲ. ಓಡಿ ಬಂದವರೇ ಜೋತ ತಂತಿಯನ್ನು ಹೆಗಲ ಮೇಲೆ ಹೊತ್ತು ನಿಂತರು. "ರಂಗೀ, ಹಗ್ಗ ತಾರೇ" ಎಂದು ಕೂಗಿದರು. ಆ ದನಿ ಹೆದ್ದಾರಿಗೆ ಕೇಳಿಸಿರಬೇಕು. ಯಜಮಾನರು ಇಳಿದು, ಮುಖ ಸಣ್ಣದು ಮಾಡಿಕೊಂಡು, "ಎಷ್ಟಾಗ್ತದೋ ಹೇಳ್ರಿ, ಕೊಡ್ತೀನಿ" ಎಂದರು.

"ದುಡ್ಡು ಬಂದು ತಂತಿ ಎಳ್ಕಂಡು ನಿಂತ್ಕಂತದೇನ್ರಿ?" ಎಂದರು ಈರಣ್ಣ. "ನಿಮ್ ಗಾಡಿ ತೂಕ ಐತಲ್ಲ, ಅದನ್ನ ಕೊಡ್ರಿ."

ಮೂಲೆಯ ತಂತಿಗಳನ್ನೆಲ್ಲ ಸೇರಿಸಿ ಗಾಡಿಯ ಚಾಸಿಗೆ ಬಿಗಿದರು. ಗಾಡಿಯನ್ನು ಒಂದು ಮೊಳ ಮುಂದಕ್ಕೆ ಎಳೆಸಿ ಚಪ್ಪರವನ್ನು ಮತ್ತೆ ಮೇಲೆತ್ತಿದರು. ಹ್ಯಾಂಡ್ ಬ್ರೇಕು. ಚಕ್ರಗಳಿಗೆ ಕಲ್ಲು. (ಒಂದು ಚಕ್ರಕ್ಕೆ ಓರಗಿತ್ತಿಯ ಗುಂಡು.) ಒಳಗೆ ಮಣ್ಣಿನ ಚೀಲ ಹೇರಿದರು.

"ಹೊಸ ಕಂಬ ನಾಳೆ ಬೇಕಾರೂ ತರಬೌದು. ಹಣ್ಣು ಭಾರ ಇರಗಂಟ ನಿಲ್ಲಸಾಕೆ ಆಗಲ್ಲ. ಇನ್ನೊಂಚೂರು ಸಿಹಿ ಏರ್ಬೇಕು, ಶುಕ್ರವಾರ ಲಾರಿ ಬರ್ತದೆ. ಅಲ್ಲೀಗಂಟ ಗಾಡಿ ಅಲ್ಲಾಡಂಗಿಲ್ಲ" ಎಂದರು ಈರಣ್ಣ.

ಹೀಗೆ ನಮ್ಮ ಪ್ರವಾಸದ ಗಾಡಿ ಕಂಬವಾಯಿತು. ಚಲಿಸುವ ಮನೆಯಲ್ಲಿ ಊರೂರು ಸುತ್ತಲು ಹೊರಟವರನ್ನು ಒಂದೇ ಕಡೆ ಕಟ್ಟಿಹಾಕಿದ್ದರು.

ಸುದ್ದಿ ಹಬ್ಬಿದ್ದೇ ತಡ, ನೋಡಲು ಜನ ಬಂದರು. ಹರಿಯಬ್ಬೆಯಿಂದ ನೆಂಟರ ಮನೆಗೆ ಬಂದವರೂ ಬಂದು ನೋಡಿಕೊಂಡು ಹೋದರು. "ಕಂಬ್ದಾಗಿರೋ ಅಕ್ಕಾರೇ, ಊಟ ಆಯ್ತೇನ್ರಿ?" ಎಂದು ಕೊಯ್ಲಿನ ಹೆಣ್ಣುಮಕ್ಕಳು ಪರದೆ ಸರಿಸಿ ಕೇಳುತ್ತಿದ್ದರು. ವೈನ್ ಸಿಗುತ್ತದೆಯೇ ಎಂದು ಯಜಮಾನರು ಸಂಕೋಚದಿಂದ ವಿಚಾರಿಸಿದರು. "ಇವನ್ನ ಬೆಂಗ್ಳೂರ್ನಾಗೆ ಅದೇನೋ ವೈನ್ ಮಾಡ್ತಾರಂತ್ರಿ. ನಾನು ಬೆಳೆಯಾನು, ಕುಡ್ದಿಲ್ಲ" ಎಂದರು ಈರಣ್ಣ. ರಂಗಮ್ಮ ಒಂದು ಚೊಂಬಿನ ತುಂಬ ದ್ರಾಕ್ಷಿ ಹಿಂಡಿ ತಂದುಕೊಟ್ಟಳು. ಮ್ಯಾಗಜೀನಿನ ಫೋಟೋದಂತೆಯೇ ಗಾಡಿಗೆ ಒರಗಿ ಕುಡಿದೆವು, ಸ್ಟೀಲ್ ಲೋಟದಲ್ಲಿ.

ಆ ಗಂಡ ಹೆಂಡತಿ ದಿನವಿಡೀ ಕೂಗಾಡುತ್ತಿದ್ದರು. ಅವರು ತೋಟದ ಆ ತುದಿ, ಇವಳು ಈ ತುದಿ. "ಲೇ ರಂಗೀ, ಹಣ್ಣಿನ ಪುಟ್ಟಿ ಎಲ್ಲೈತೆ?" "ನಿನ್ ಕಾಲ್ತಾವೇ ಐತೆ, ಕಣ್ಣು ಎಲ್ಲವೆ?" ಮೊದಲ ದಿನ ನನಗೆ ಗಾಬರಿಯಾಗಿ ಕೇಳಿದೆ: "ಜಗಳ ಆಡಿದೀರಾ?"

ರಂಗಮ್ಮ ನಕ್ಕಳು. "ಜಗಳ ಅಲ್ಲ ಕಣಕ್ಕಾ. ನಡುವೆ ಇಷ್ಟು ಬಳ್ಳಿ ಅವಲ್ಲ, ಮೆತ್ತಗೆ ಮಾತಾಡಿದ್ರೆ ಅವ್ನಿಗೆ ಹೋಗಿ ಮುಟ್ಟದಾರಾ ಹೆಂಗೆ?"

ಗುರುವಾರದಿಂದ ಕೊಯ್ಲು ಶುರುವಾಯಿತು. ಕಂಬ ಮುರಿದವರು ಸುಮ್ಮನೆ ಕೂರಲಾದೀತೇ? ನಾವೂ ಕತ್ತರಿ ಹಿಡಿದೆವು. ಹಣ್ಣನ್ನು ಮುಟ್ಟಬಾರದು, ಮೇಲಿನ ಬೂದಿಯಂಥ ಬಿಳಿ ಹಿಟ್ಟು ಅಳಿಸಿಹೋಗುತ್ತದೆ. ತೊಟ್ಟು ಹಿಡಿದು ಕತ್ತರಿಸಿ ಪುಟ್ಟಿಯಲ್ಲಿ ಪೇಪರಿನ ಮೇಲೆ ಮಲಗಿಸಬೇಕು. ಒಂದು ಪುಟ್ಟಿಗೆ ಇಬ್ಬರು, ಪುಟ್ಟಿಯ ಆಚೆ ಒಬ್ಬರು ಈಚೆ ಒಬ್ಬರು. ರಂಗಮ್ಮ ನನ್ನನ್ನು ಯಜಮಾನರ ಬಲಗಡೆ ನಿಲ್ಲಿಸಿದಳು. ಚಪ್ಪರದ ಕೆಳಗೆ ಶಾಸ್ತ್ರ ಯಾರು ಕೇಳುತ್ತಾರೆ?

ಒಂದು ಗೊಂಚಲು ಸಿಕ್ಕಿತು. ಮೇಲೆ ಸಣ್ಣ, ಕೆಳಗೆ ಭಾರಿ ದಪ್ಪ. ನಾನು ಎಂದಿನಂತೆ ನನ್ನಷ್ಟಕ್ಕೆ ಗೊಣಗಿದೆ: "ಇದು ನಮ್ಮ ಸಾಹೇಬರು ಟೈ ಕಟ್ಟಿಕೊಂಡ ಹಾಗಿದೆ."

ಪಕ್ಕದಲ್ಲಿ ಕಿಸಕ್ ಎಂದು ಸದ್ದಾಯಿತು. ನೋಡಿದರೆ ಯಜಮಾನರು ನಗುತ್ತಿದ್ದಾರೆ. ಕತ್ತರಿ ಕೆಳಗೆ ಬೀಳುವಷ್ಟು ನಗುತ್ತಿದ್ದಾರೆ.

ನನಗೆ ಏನೋ ಹೊಳೆಯಿತು. ಪುಟ್ಟಿ ಸರಿಸುವ ನೆಪದಲ್ಲಿ ಎಡಗಡೆಗೆ ಹೋದೆ. ಅದೇ ದನಿಯಲ್ಲಿ, "ನಿಮ್ಮ ಮೀಸೆಗೆ ಜೇಡ ಹತ್ತಿದೆ" ಎಂದೆ. ಏನೂ ಇಲ್ಲ. ಆರಾಮವಾಗಿ ಹಣ್ಣು ಕೀಳುತ್ತಿದ್ದಾರೆ. ಬಲಗಡೆಗೆ ಬಂದು ಇನ್ನೂ ಮೆಲ್ಲಗೆ ಅದನ್ನೇ ಹೇಳಿದೆ. ಪಟ್ಟನೆ ಮೀಸೆ ಒರೆಸಿಕೊಂಡರು.

"ನಿಮಗೆ ಎಡಗಿವಿ ಕೇಳಿಸಲ್ವಾ?" ಎಂದೆ.

ಅವರು ನನ್ನನ್ನೇ ನೋಡಿದರು. "ಇಲ್ಲ. ಹಾರ್ನು ಪಕ್ಕದಾಗೇ ಕುಂತು ಕುಂತು ಹೋಗಿ ವರ್ಷಗಳಾದ್ವು. ಅಣ್ಣ ನಿಮ್ಮನೆಯವರಿಗೆ ಹೇಳಿರ್ಲಿಲ್ವಾ?"

ಹೇಳಿರಲಿಲ್ಲ. ಹೆಣ್ಣು ಕೇಳಲು ಬಂದವರು ಕಿವಿಯ ವಿಷಯ ಹೇಳುತ್ತಾರೆಯೇ? ಇವರೋ, ಅಣ್ಣ ಹೇಳಬೇಕಾದದ್ದನ್ನೆಲ್ಲ ಹೇಳಿಯಾಗಿದೆ ಎಂದು ನಂಬಿ ಕೂತಿದ್ದರು.

"ಹಂಗಾದ್ರೆ ನಾನು ಇಷ್ಟು ದಿನ ಮಾತಾಡಿದ್ದು?"

"ನೀನು ಮಾತಾಡ್ತಿದ್ಯಾ?" ಎಂದರು. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ವಾರವೆಲ್ಲ ಫೋನ್ನಾಗೆ ಮಾತಾಡಿ ಸಾಕಾಗಿ ಬರ್ತೀಯ, ಇಲ್ಲಾದ್ರೂ ಸುಮ್ನೆ ಇರಾಕೆ ಬಿಡಾಣ ಅಂತ ನಾನೂ ಬಾಯಿ ಮುಚ್ಕಂಡಿದ್ದೆ."

ನನಗೆ ನಗು ಬಂತು. ಆಮೇಲೆ ಕಣ್ಣಲ್ಲಿ ನೀರು ಬಂತು. ಇಷ್ಟು ದಿನ ನಾನು ಯಾವುದನ್ನು ತಾತ್ಸಾರ ಎಂದುಕೊಂಡು ಒಳಗೊಳಗೇ ಕೊರಗಿದ್ದೆನೋ ಅದು ಅವರು ನನಗೆ ಕೊಡುತ್ತಿದ್ದ ವಿಶ್ರಾಂತಿ. ಗೊಂಚಲು ಕೈಯಲ್ಲಿ ಹಿಡಿದುಕೊಂಡು ಪೆದ್ದಿಯ ಹಾಗೆ ನಿಂತಿದ್ದೆ. ಆ ಗೊಂಚಲಿನ ಹಿಟ್ಟೆಲ್ಲ ಅಳಿಸಿಹೋಯಿತು. ರಂಗಮ್ಮ ನೋಡಿಯೂ ನೋಡದಂತೆ ಅದನ್ನು ತೆಗೆದು ಬೇರೆ ಇಟ್ಟಳು.

ಅಲ್ಲಿಂದ ಮಾತೋ ಮಾತು. ಪುಟ್ಟಿ ತುಂಬುವುದಕ್ಕಿಂತ ಬೇಗ ಮಾತು ತುಂಬುತ್ತಿತ್ತು. ಅವರು ಒಂದು ಮದುವೆ ಮನೆಯಲ್ಲಿ ಮೈಕ್ ಆಫ್ ಮಾಡುವುದು ಮರೆತು ಬೀಗರ ಜಗಳವನ್ನೆಲ್ಲ ಊರಿಗೆ ಕೇಳಿಸಿದ ಕತೆ ಹೇಳಿದರು. ನಾನು ಟ್ರಂಕ್ ಕಾಲಿನ ಕತೆ ಹೇಳಿದೆ. ಇಷ್ಟು ಮಾತು ಬರುವ ಮನುಷ್ಯ ಎಲ್ಲಿ ಅಡಗಿ ಕೂತಿದ್ದರು ಎಂದು ಆಶ್ಚರ್ಯವಾಯಿತು. ನಾನು ಎಲ್ಲಿ ಅಡಗಿದ್ದೆ ಎಂದು ಅವರಿಗೂ ಅನಿಸಿರಬೇಕು.

ಆದರೆ ಒಂದು ಮಾತು ಮಾತ್ರ ನನ್ನ ಬಾಯಿಂದ ಹೊರಡಲಿಲ್ಲ. ಟ್ರಾನ್ಸ್‌ಫರಿನದು.

ಯಾಕೆ ಅಂತೀರಾ? ಇಷ್ಟು ದಿನ ಉತ್ತರ ಬರದಿದ್ದುದಕ್ಕೆ ಕಿವಿ ಕಾರಣವಾಗಿತ್ತು. ಈಗ ಬಲಗಡೆ ನಿಂತು ಕೇಳಿದರೆ ಬರುವುದು ಅವರ ಮನಸ್ಸಿನ ಉತ್ತರ. ಅದು ಬೇಡ ಎಂದಾಗಿದ್ದರೆ? ಕೇಳಿಸದ ಕಿವಿಯ ಹತ್ತಿರ ಆಸೆ ಹೇಳಿಕೊಳ್ಳುವುದು ಸುಲಭ ಎಂದು ಆಗ ಗೊತ್ತಾಯಿತು. ನಮ್ಮಲ್ಲಿ ಎಷ್ಟು ಜನ ಬೇಕೆಂದೇ ಮೆಲ್ಲಗೆ ಮಾತಾಡುತ್ತೇವೋ. ಕೇಳಿಸಲಿಲ್ಲ ಎಂದುಕೊಂಡರೆ ಬೇಡ ಎನ್ನಿಸಿಕೊಳ್ಳುವ ಕಷ್ಟವಿಲ್ಲ.

ಶುಕ್ರವಾರ ಲಾರಿ ಬಂದು ಹಣ್ಣು ಹೋಯಿತು. ಚಪ್ಪರ ಹಗುರವಾಯಿತು. ಶನಿವಾರ ಯಜಮಾನರೇ ಹಿರಿಯೂರಿಗೆ ಹೋಗಿ ಕಲ್ಲುಕಂಬ ತಂದರು. ಎಲ್ಲರೂ ಸೇರಿ ನಿಲ್ಲಿಸಿದೆವು. ಈರಣ್ಣ ಗಾಡಿಯಿಂದ ತಂತಿ ಬಿಚ್ಚಿ ಕಂಬಕ್ಕೆ ಬಿಗಿದರು. ಐದಾರು ದಿನ ಎಳೆತ ತಡೆದ ಗಾಡಿ ಒಮ್ಮೆ ಕಿರ್ ಎಂದು ಮೈಮುರಿಯಿತು.

ಹೊರಡುವಾಗ ರಸ್ತೆಯ ಕಡೆ ತಿರುಗಿಸಿಕೊಳ್ಳಲು ಮತ್ತೆ ರಿವರ್ಸ್. ಮ್ಯೂಸಿಕ್ಕಿನ ವೈರು ಕಿತ್ತುಹಾಕಿ ಎಂದು ಮೊದಲೇ ಹೇಳಿದ್ದೆ, ಕಿತ್ತಿದ್ದರು. ನಾನು ಹಿಂದೆ ಹೋಗಿ ಬಲಗಡೆ ನಿಂತೆ. ಈರಣ್ಣ, ರಂಗಮ್ಮ, ಕೊಯ್ಲಿನವರು, ಪಕ್ಕದ ಹೊಲದವರು ಎಲ್ಲರೂ ಹೊಸ ಕಂಬದ ಸುತ್ತ ಕಾವಲು ನಿಂತ ಹಾಗೆ ನಿಂತಿದ್ದರು. ಗಾಡಿ ಹಿಂದಕ್ಕೆ ಬಂತು. ಹತ್ತಿರ ಬಂತು. ಅಮ್ಮನ ಹೊಸಲು, ಹತ್ತು ಜನರ ಮುಖ, ಎಲ್ಲ ನೆನಪಾಯಿತು.

"ರೀ, ಸಾಕು, ನಿಲ್ಸಿ" ಎಂದು ಕೂಗಿದೆ. ನಾನು ಕೂಗಿದ ಕೂಗಿಗೆ ಬಳ್ಳಿಯ ಮೇಲಿದ್ದ ಗೊರವಂಕಗಳೆಲ್ಲ ಎದ್ದು ಹಾರಿದವು. ಗಾಡಿ ನಿಂತಲ್ಲೇ ನಿಂತಿತು.

ಯಜಮಾನರು ಕಿಟಕಿಯಿಂದ ತಲೆ ಹಾಕಿದರು. "ಇಷ್ಟು ಜೋರಾಗಿ ಕೂಗಾಕೆ ಬರ್ತದೆ, ಅವತ್ತು ಯಾಕೆ ಕೂಗ್ಲಿಲ್ಲ?"

"ಇಷ್ಟು ಚೆನ್ನಾಗಿ ಬ್ರೇಕ್ ಹಾಕಕ್ಕೆ ಬರುತ್ತೆ, ಅವತ್ತು ಯಾಕೆ ತಿರುಗಿ ನೋಡಲಿಲ್ಲ?" ಎಂದೆ. ರಂಗಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ದನಿ ಹೇಗೂ ಹೊರಬಿದ್ದಿತ್ತು. ಅದು ಮತ್ತೆ ಒಳಗೆ ಹೋಗುವ ಮೊದಲು ಕಿಟಕಿಯ ಹತ್ತಿರ ಹೋದೆ. ಅವರ ಬಲಗಿವಿ ನನ್ನ ಮುಂದೆಯೇ ಇತ್ತು.

"ಸೋಮವಾರ ಸಾಹೇಬರಿಗೆ ಉತ್ತರ ಹೇಳಬೇಕು. ದುರ್ಗದಲ್ಲಿ ಜಾಗ ಖಾಲಿ ಇದೆಯಂತೆ. ನಾನು ಬರಲಾ?"

"ಬೇಡ" ಎಂದರು.

ಕೇಳಬಾರದಿತ್ತು ಎಂದುಕೊಂಡು ಅವರ ಮುಖ ನೋಡಿದೆ. ಅವರು ಸ್ಟೇರಿಂಗನ್ನು ಉಗುರಿನಿಂದ ಕೆರೆಯುತ್ತಿದ್ದರು. ಹೆಣ್ಣು ನೋಡಲು ಬಂದ ದಿನ ಮಂಡಕ್ಕಿ ತಟ್ಟೆಯನ್ನು ಹೀಗೆಯೇ ಕೆರೆದಿದ್ದರು.

"ಆ ಗದ್ದಲದಾಗೆ ನೀನು ಬಂದು ಎಲ್ಲಿರ್ತೀಯ? ನಿನ್ ದನಿ ಮತ್ತೆ ಸಣ್ಣಗಾಗ್ತದೆ" ಎಂದರು. "ಹೊಳಲ್ಕೆರೆ ಕ್ವಾರ್ಟರ್ಸ್ನಾಗೆ ಎರಡು ರೂಮು ಐತೆ ಅಂತಿದ್ಯಲ್ಲ. ನಾನೇ ಬರ್ಲಾ? ಮೈಕ್ ಸೆಟ್ಟು ಅಲ್ಲೂ ಬೇಕಾಗ್ತವೆ."

ಓದುಗರೇ, ನಾನು ಬುದ್ಧಿವಂತೆ ಎಂದುಕೊಂಡಿದ್ದೆ. ಹೆಣ್ಣುಮಕ್ಕಳ ಪರವಾಗಿ ಇದೇ ಕಾಲಂನಲ್ಲಿ ಎಷ್ಟು ಬರೆದಿಲ್ಲ? ಆದರೂ ಟ್ರಾನ್ಸ್‌ಫರ್ ಎಂದರೆ ಹೆಂಡತಿಯದೇ ಎಂದು ನಾನೂ ನಂಬಿಕೊಂಡಿದ್ದೆನಲ್ಲ. ಅವರು ನನ್ನನ್ನು ಬಾ ಎನ್ನಲಿ ಎಂದು ಕಾದಿದ್ದೆ. ನಾನು ಅವರನ್ನು ಬನ್ನಿ ಎನ್ನಬಹುದು ಎಂದು ಒಂದು ಸಲವೂ ಹೊಳೆದಿರಲಿಲ್ಲ.

"ಬನ್ನಿ" ಎಂದೆ. ಗಟ್ಟಿಯಾಗಿಯೇ ಎಂದೆ. ಕೊಯ್ಲಿನವರಿಗೆಲ್ಲ ಕೇಳಿಸಿತು.

ಹೊಸದುರ್ಗದ ದಾರಿ ಹಿಡಿದು ಹೊರಟೆವು. ಹೇಳುವುದು 'ಸಾಮಾನು ಯಾವಾಗ ತರೋದು, ಅಂಗಡಿ ಎಲ್ಲಿ ಹಿಡಿಯೋದು' ಎಂದು ಬೇಕಾದಷ್ಟಿತ್ತು. ಆದರೆ ಗಾಡಿಯೊಳಗೆ ನಾನು ಮತ್ತೆ ಎಡಗಡೆ. ಇಂಜಿನ್ನಿನ ಸದ್ದು ಬೇರೆ. ಎಲ್ಲವನ್ನೂ ಕೂಗಿ ಕೂಗಿ ಹೇಳಿ ಹೊಸದುರ್ಗ ಬರುವಷ್ಟರಲ್ಲಿ ನನ್ನ ಗಂಟಲು ಕಟ್ಟಿತು. ಟೀ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಅವರು ಹೇಳಿದರು: "ಹಿಂಗಾದ್ರೆ ಆಗಾಕಿಲ್ಲ. ನೀನೇ ಗಾಡಿ ಓಡ್ಸಾದು ಕಲ್ತುಬಿಡು. ಆಗ ನಾನು ಎಡಕ್ಕೆ ಕುಂತ್ಕತೀನಿ, ನೀನು ಬಲಕ್ಕಿರ್ತೀಯ."

ಅವರು ಬಂದು ಎರಡು ವಾರವಾಯಿತು. ಕ್ವಾರ್ಟರ್ಸಿನ ಒಂದು ರೂಮಿನಲ್ಲಿ ಹಾರ್ನು, ಒಂದು ರೂಮಿನಲ್ಲಿ ನಾವು. ಅಣ್ಣನಿಗೆ ಸಿಟ್ಟು ಇನ್ನೂ ಇಳಿದಿಲ್ಲ. ಓರಗಿತ್ತಿ ಮಾತ್ರ ಗುಂಡಿನ ಹಿಂದೆಯೇ ಒರಳನ್ನೂ ಕಳಿಸಿದ್ದಾಳೆ. ಬೆಳಗ್ಗೆ ಆಫೀಸಿಗೆ ಮುಂಚೆ ಹೊಳಲ್ಕೆರೆಯ ಖಾಲಿ ರಸ್ತೆಯಲ್ಲಿ ನನಗೆ ಡ್ರೈವಿಂಗ್ ಪಾಠ ನಡೆಯುತ್ತಿದೆ. ಎಡಗಡೆ ಗಂಡ, ಬಲಗಡೆ ನಾನು. "ಏನಮ್ಮ ಇದು, ಶಾಸ್ತ್ರಕ್ಕೆ ತಿರುಗುಮುರುಗಾಯ್ತಲ್ಲ" ಎಂದು ನಿನ್ನೆ ಪಕ್ಕದ ಮನೆಯ ಹಿರಿಯರೊಬ್ಬರು ಗಾಡಿಯ ಹಿಂದೆಯೇ ನಿಂತು ಬೇಜಾರು ಮಾಡಿಕೊಂಡರು.

ಹೆಂಡತಿ ಎಡಗಡೆಯೇ ಕೂರಬೇಕು ಎನ್ನುವವರೆಲ್ಲ ದಯವಿಟ್ಟು ನಮ್ಮ ಗಾಡಿಯ ಹಿಂದೆ ಮಾತ್ರ ನಿಲ್ಲಬೇಡಿ, ನನಗಿನ್ನೂ ರಿವರ್ಸ್ ಬರುವುದಿಲ್ಲ.